ಹೆಗಡೆ ಬಂದರು, ಹೆಗ್ಡೆ ಬರಲಿಲ್ಲ: ಸಂಘದ ಪಟ್ಟಿ ಕೆಟ್ಟಿದೆ, ದಾರಿ ಹೇಳಿ

ಡೊಂಬಿವಲಿ ಕಾರ್ಯದರ್ಶಿ · ಶನಿವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ ಹತ್ತಿರ ಬಂತು. 412 ಸದಸ್ಯರಿಗೆ ಆಮಂತ್ರಣ ಹೋಗಬೇಕು. ಲಕೋಟೆ ಮೇಲೆ ಹೆಸರು ಕನ್ನಡದಲ್ಲೇ ಇರಬೇಕು ಅಂತ ಹಿರಿಯರ ಹಟ. ಹಟ ಸರಿಯೇ. ಆದರೆ ಪಟ್ಟಿ ಕೆಟ್ಟು ಕೂತಿದೆ.

ನಮ್ಮ ಹಳೆ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ ಹುಡುಗನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿತು. ಹೋಗುವ ಮುಂಚೆ ಏನೋ ಸ್ಕ್ರಿಪ್ಟ್ ಓಡಿಸಿ, ಎಲ್ಲರ ಹೆಸರು ವಿಳಾಸ ಒಂದು ಸಿಎಸ್‌ವಿ ಫೈಲಿಗೆ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿಗೆ, ಇಳಿಸಿ ನನಗೆ ಮೇಲ್ ಮಾಡಿದ. ನಾನು ತೆರೆದೂ ನೋಡಲಿಲ್ಲ. ಈಗ ಸೈಟಿನ ಬಾಡಿಗೆ ಮುಗಿದು ಅದೂ ಇಲ್ಲ. ಮೊನ್ನೆ ಎಕ್ಸೆಲ್‌ನಲ್ಲಿ ತೆರೆದರೆ ಒಂದು ಕನ್ನಡ ಅಕ್ಷರ ಇಲ್ಲ. ತಲೆ ಮೇಲೆ ಗೆರೆ ಇರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2, ಪುಟ್ಟ 3, ಡಿಗ್ರಿ ಚಿಹ್ನೆ, ಯೂರೋ ಚಿಹ್ನೆ. ಯಾರೋ ಕೀಲಿಮಣೆ ಮೇಲೆ ಅವಲಕ್ಕಿ ಚೆಲ್ಲಿದ ಹಾಗೆ.

ನೆಟ್‌ನಲ್ಲಿ ಒಂದು ರಿಪೇರಿ ಪುಟ ಸಿಕ್ಕಿತು. ಅದಕ್ಕೆ ಅಂಟಿಸಿದೆ. ಅರ್ಧ ಸರಿಯಾಯಿತು, ಅರ್ಧ ಆಗಲಿಲ್ಲ. ವಿಚಿತ್ರ ಇರುವುದು ಇಲ್ಲಿ. ಕಮಲಾ ಬಂದರು, ಪದ್ಮಾ ಬರಲಿಲ್ಲ. ಸೀತಾ ಬಂದರು, ಸುಮಾ ಬರಲಿಲ್ಲ. ಪೂಜಾರಿಗಳೆಲ್ಲ ಬಂದರು, ಶೆಟ್ಟರು ಒಬ್ಬರೂ ಬರಲಿಲ್ಲ. ಶಿರಸಿ ಕಡೆಯ ಹೆಗಡೆ ಬಂದರು, ಕರಾವಳಿಯ ಹೆಗ್ಡೆ ಬರಲಿಲ್ಲ. ಬರದವರ ಹೆಸರಿನ ನಡುವೆ ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ. ಕಂಪ್ಯೂಟರಿಗೆ ಜಾತಿ ಊರು ಗೊತ್ತಾಗುತ್ತದಾ ಮಾರಾಯ್ರೆ?

ಘಾಟ್ಕೋಪರ್ ಗುಂಡ · ರಾತ್ರಿ 10:20

ನನ್ನ ಹೆಸರಲ್ಲಿ ಕೊಂಬಿದೆ, ನನಗೆ ಆಮಂತ್ರಣ ಇಲ್ಲ ಅಂತಾಯ್ತು. ಊಟಕ್ಕೆ ಹೆಸರಿಲ್ಲದೆ ಬರಬಹುದಾ?

ಗಿರ್ಗಾಂವ್ ಡಿಟಿಪಿ · ರಾತ್ರಿ 10:41

ಕಾರ್ಯದರ್ಶಿಗಳೇ, ಗಾಬರಿ ಬೇಡ. ಇದು ನುಡಿ ಫಾಂಟ್ ವಿಷಯ, ಅಚ್ಚಿನವರು ಬಳಸುವ ಹಳೆ ಕನ್ನಡ ತಂತ್ರಾಂಶದ ಫಾಂಟ್. ಎಲ್ಲ ಸೆಲೆಕ್ಟ್ ಮಾಡಿ ನುಡಿ ಫಾಂಟ್ ಕೊಡಿ, ಕನ್ನಡ ಬರುತ್ತದೆ. ನನ್ನ ಹತ್ತಿರ ದಿನಾ ಬರುವ ಮದುವೆ ಕಾರ್ಡಿನ ಮ್ಯಾಟರ್ ಎಲ್ಲ ಹೀಗೇ ಕಾಣುತ್ತದೆ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ.

ಡೊಂಬಿವಲಿ ಕಾರ್ಯದರ್ಶಿ · ರಾತ್ರಿ 10:58

ಹಾಕಿ ನೋಡಿದೆ ಅಕ್ಕಾ. ಕಸ ಹೋಗಿ ಬೇರೆ ಕಸ ಬಂತು. ಈಗ ಕನ್ನಡ ಲಿಪಿಯ ಕಸ. ಅದು ಇನ್ನೂ ಬೇಜಾರು.

ಹಿಂಜವಡಿ ರಾತ್ರಿಪಾಳಿ · ರಾತ್ರಿ 11:35

ಸರ್, ನಾನು ಪುಣೆಯಲ್ಲಿದ್ದೇನೆ, ಧಾರವಾಡದವನು. ಕಂಪನಿಯಲ್ಲಿ ದಿನಾ ಇದೇ ಹೊಲಸು ಬಳಿಯುವ ಕೆಲಸ. ಮೊದಲು ಒಂದು ಮಾತು: ಆ ಹುಡುಗ ಕಳಿಸಿದ ಮೂಲ ಫೈಲ್ ಮೇಲ್‌ನಲ್ಲಿ ಇನ್ನೂ ಇದೆಯಾ? ಇದ್ದರೆ ಅದನ್ನು ತೆರೆಯಬೇಡಿ, ಸೇವ್ ಮಾಡಬೇಡಿ, ವಾಟ್ಸಾಪಿಗೆ ಅಂಟಿಸಬೇಡಿ. ಹಾಗೇ ಇಡಿ.

ಡಿಟಿಪಿ ಅಕ್ಕನ ಮಾತು ಅವರ ಅಂಗಡಿಗೆ ಬರುವ ಕಸಕ್ಕೆ ಸರಿ. ಈ ಕಸಕ್ಕೆ ಅಲ್ಲ. ಕಸಕ್ಕೂ ಮುಖ ಇರುತ್ತದೆ ರೀ. ನೋಡಿ ಗುರುತು ಹಿಡಿಯಬಹುದು.

ನುಡಿಯ ಹಳೆ ಫಾಂಟಿನಲ್ಲಿ ಬರೆದ ‘ಕನ್ನಡ’ ಪದವನ್ನು ಬೇರೆ ಫಾಂಟಿನಲ್ಲಿ ತೆರೆಯಿರಿ. ಏಳು ಚಿಹ್ನೆ ಕಾಣುತ್ತವೆ: ದೊಡ್ಡ ಪಿ, ಗೆರೆ ಹೊತ್ತ ದೊಡ್ಡ ಎ, ಪೌಂಡ್ ಚಿಹ್ನೆ, ಮತ್ತೆ ಆ ದೊಡ್ಡ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ದೊಡ್ಡ ಎ. ಪಿ ಅಂದರೆ ತಲೆಕಟ್ಟಿಲ್ಲದ ‘ಕ’. ದೊಡ್ಡ ಎ ಅಂದರೆ ಆ ತಲೆಕಟ್ಟು. ಪೌಂಡ್ ಅಂದರೆ ‘ನ’ಕಾರದ ಮೈ. ಜರ್ಮನ್ ಎಸ್ ಅಂದರೆ ನ ಒತ್ತು. ಅಂದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರವೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿಸುತ್ತದೆ. ಪೌಂಡ್ ಚಿಹ್ನೆಯೂ ದೊಡ್ಡ ಎ ಕೂಡ ಹೆಜ್ಜೆಗೊಂದು ಕಂಡರೆ ಅದು ನುಡಿ ಅಥವಾ ಅದೇ ಬಳಗ. ಫಾಂಟ್ ಕೊಟ್ಟರೆ ಸರಿಹೋಗುತ್ತದೆ.

ನಿಮ್ಮದರಲ್ಲಿ ಇರುವುದು ಸಣ್ಣ ಎ, ಪಕ್ಕದಲ್ಲೇ ಪುಟ್ಟ 2 ಅಥವಾ ಪುಟ್ಟ 3. ಇದು ಯೂನಿಕೋಡ್ ಕನ್ನಡವೇ, ಅಂದರೆ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಬೇರೆ ಸಂಖ್ಯೆ ಕೊಟ್ಟ ಪಟ್ಟಿಯ ಕನ್ನಡ. ಆ ಸಂಖ್ಯೆಗಳನ್ನು ಫೈಲಿನಲ್ಲಿ ಬರೆಯುವ ಪದ್ಧತಿ ಯುಟಿಎಫ್-8. ಹಾಗೆ ಬರೆದದ್ದನ್ನು ಯಾರೋ ವಿಂಡೋಸ್-1252 (ಇಂಗ್ಲಿಷ್, ಯುರೋಪಿನ ಅಕ್ಷರಗಳ ಹಳೆ ಪಟ್ಟಿ, ಬೈಟಿಗೊಂದು ಅಕ್ಷರ) ಅಂತ ಓದಿದ್ದಾರೆ. ಕನ್ನಡದ ಪ್ರತಿ ಸಂಕೇತಕ್ಕೆ ಯುಟಿಎಫ್-8ರಲ್ಲಿ ಮೂರು ಬೈಟ್. ಬೈಟ್ ಅಂದರೆ ಫೈಲಿನ ಒಂದು ತುಣುಕು, ಅದರ ಬೆಲೆಯನ್ನು 0-9, ಎ-ಎಫ್ ಬಳಸಿ ಎರಡು ಅಂಕಿಯಲ್ಲಿ ಬರೆಯುತ್ತಾರೆ. ಮೊದಲ ಬೈಟ್ ಯಾವಾಗಲೂ ಇ0. ಅದನ್ನು 1252ರ ಕಣ್ಣಲ್ಲಿ ನೋಡಿದರೆ ಗೆರೆ ಹೊತ್ತ ಸಣ್ಣ ಎ. ಎರಡನೆಯದು ಬಿ2 ಅಥವಾ ಬಿ3, ಅದೇ ನಿಮ್ಮ ಪುಟ್ಟ 2, ಪುಟ್ಟ 3. ಮೂರನೆಯದು ಮಾತ್ರ ಅಕ್ಷರಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ‘ರ’ ಇದ್ದಲ್ಲಿ ಡಿಗ್ರಿ ಚಿಹ್ನೆ, ‘ಮ’ ಇದ್ದಲ್ಲಿ ಸುತ್ತು ಹಾಕಿದ ಆರ್, ‘ಕ’ ಇದ್ದಲ್ಲಿ ದಪ್ಪ ಚುಕ್ಕೆ. ಬಹಳ ದಿನ ನೋಡಿದರೆ ಹಾಗೇ ಓದಲಿಕ್ಕೂ ಬರುತ್ತದೆ. ನಮ್ಮ ಮನೆಯವಳು ಇದನ್ನು ರೋಗ ಅನ್ನುತ್ತಾಳೆ.

ಮರಾಠಿ ಕೆಟ್ಟರೆ ಬೇರೆ ಮುಖ. ಸಣ್ಣ ಎ ಪಕ್ಕದಲ್ಲಿ ಜಪಾನಿನ ಯೆನ್ ಚಿಹ್ನೆ, ಇಲ್ಲವೇ ನಾಲ್ಕು ಮೂಲೆಗೆ ಕಡ್ಡಿ ಇರುವ ಸಣ್ಣ ಸೊನ್ನೆ. ಹಿಂದಿಯೂ ಹಾಗೇ, ಲಿಪಿ ಒಂದೇ ಅಲ್ವಾ.

ಚೌಕಾಕಾರದ ಡಬ್ಬಿ ಕಂಡರೆ ಸಂತೋಷಪಡಿ, ಅಕ್ಷರ ಸುರಕ್ಷಿತ, ಫಾಂಟ್ ಇಲ್ಲ ಅಷ್ಟೇ. ಸಾಲಿಗೆ ಸಾಲು ಬರೀ ಪ್ರಶ್ನೆ ಚಿಹ್ನೆ ಕಂಡರೆ ಅಳಬಹುದು. ಅದು ಕನ್ನಡವೇ ಗೊತ್ತಿಲ್ಲದ ಖಾನೆಗೆ ತುಂಬಿಸಿ ಸೇವ್ ಮಾಡಿದ ಗುರುತು. ಅಲ್ಲಿ ಹಿಂದಕ್ಕೆ ದಾರಿ ಇಲ್ಲ.

ಫೈಲ್ ಎಷ್ಟು ಕೆಬಿ ಇದೆ ಹೇಳಿ.

ಡೊಂಬಿವಲಿ ಕಾರ್ಯದರ್ಶಿ · ಭಾನುವಾರ ಬೆಳಿಗ್ಗೆ 7:05

ಮೂಲ ಮೇಲ್ ಇದೆ, ಮುಟ್ಟಿಲ್ಲ. 275 ಕೆಬಿ ತೋರಿಸುತ್ತದೆ. ಇನ್ನೊಂದು ವಿಷಯ: ರಿಪೇರಿ ಪುಟದಿಂದ ಬಂದ ಪಟ್ಟಿಯಲ್ಲಿ ಭಟ್ಟರ ‘ಭ’ ಕೂಡ ಹೋಗಿದೆ. ಠಾಣೆಯ ‘ಠ’ ಹೋಗಿದೆ. ಮೊದಲು ನೋಡಿರಲಿಲ್ಲ.

ಹಿಂಜವಡಿ ರಾತ್ರಿಪಾಳಿ · ಬೆಳಿಗ್ಗೆ 11:20

ಈಗ ಪೂರ್ತಿ ತಿಳಿಯಿತು. 412 ಸಾಲಿಗೆ, ವಿಳಾಸ ಸೇರಿ, ಸುಮಾರು 130 ಕೆಬಿ ಇರಬೇಕಿತ್ತು. ನಿಮ್ಮದು ಎರಡು ಪಟ್ಟು ಮೀರಿ ದಪ್ಪ ಆಗಿದೆ. ಅಂದರೆ ಕಸ ಬರೀ ತೋರಿಕೆಯದಲ್ಲ. ಹುಡುಗನ ಸ್ಕ್ರಿಪ್ಟ್ ಯುಟಿಎಫ್-8 ಫೈಲನ್ನು 1252 ಅಂತ ಓದಿ, ಬಂದ ಕಸವನ್ನು ಮತ್ತೆ ಯುಟಿಎಫ್-8 ಆಗಿ ಬರೆದಿದೆ. ಒಂದರ ಮೇಲೊಂದು ಎರಡು ಅಂಗಿ.

ಇನ್ನು ಹೆಗಡೆ, ಹೆಗ್ಡೆ. ಇದಕ್ಕಾಗಿ ಕಾಗದ ಪೆನ್ನು ಹಿಡಿದು ಕೂತೆ.

ವಿಂಡೋಸ್-1252ರಲ್ಲಿ ಒಟ್ಟು 256 ಖಾನೆ. ಅದರಲ್ಲಿ ಐದಕ್ಕೆ ಯಾವ ಅಕ್ಷರವನ್ನೂ ಕೊಟ್ಟಿಲ್ಲ: 81, 8ಡಿ, 8ಎಫ್, 90, 9ಡಿ. ಆ ಬೈಟ್ ಬಂದರೆ ಕೆಲವು ಸಾಧನ ಸುಮ್ನೆ ದಾಟಿಸಿ ಬಿಡುತ್ತವೆ, ಕೆಲವು ಅದನ್ನು ಕಿತ್ತು ಕಪ್ಪು ವಜ್ರ ಇಡುತ್ತವೆ.

ಹೆಗಡೆ ಅಂದರೆ ಐದು ಸಂಕೇತ: ಹ, ಎತ್ವ, ಗ, ಡ, ಎತ್ವ. 15 ಬೈಟ್. ಒಂದೂ ಆ ಐದು ಖಾನೆಗೆ ಬೀಳುವುದಿಲ್ಲ. ಹೆಗ್ಡೆಯಲ್ಲಿ ಗ ಆದ ಮೇಲೆ ಒಂದು ಹಲಂತ, ಅಂದರೆ ಅಕ್ಷರದ ಸ್ವರ ತೆಗೆಯುವ ಚಿಹ್ನೆ, ಜಾಸ್ತಿ, 18 ಬೈಟ್. ಕನ್ನಡದ ಹಲಂತ ಬೈಟಿನಲ್ಲಿ ಇ0 ಬಿ3 8ಡಿ. ಹದಿನೆಂಟರಲ್ಲಿ ಹನ್ನೆರಡನೆಯ ಬೈಟ್ ಸೀದಾ ಆ ಖಾಲಿ ಖಾನೆಯ ಗುಂಡಿಗೆ. ಅದಕ್ಕೇ ಒತ್ತಕ್ಷರ ಇದ್ದವರೆಲ್ಲ ಹೋದರು: ಶೆಟ್ಟಿ, ಪದ್ಮಾ, ಕುಲಕರ್ಣಿ. ಕೊನೆಗೆ ಅರ್ಧಾಕ್ಷರ ಇದ್ದವರೂ ಹೋದರು: ರಾವ್, ಸಾಲಿಯಾನ್. ಪಾಟೀಲ ಉಳಿದರು, ಪಾಟೀಲ್ ಹೋದರು.

ಸುಮಾ ಯಾಕೆ ಹೋದರು? ಕೊಂಬು ಇ0 ಬಿ3 81. ಅದೂ ಗುಂಡಿ. ಉಳಿದ ಮೂರು ಗುಂಡಿಗೆ ಬೀಳುವವರು ‘ಏ’, ‘ಐ’, ‘ಝ’. ಐತಾಳರನ್ನು ನೋಡಿ, ಅವರ ‘ಐ’ ಇರಲಿಕ್ಕಿಲ್ಲ.

ಭ ಮತ್ತು ಠ ಕಥೆ ಬೇರೆ. ‘ಭ’ದ ಮೂರನೆಯ ಬೈಟ್ 1252ರಲ್ಲಿ ಕಣ್ಣಿಗೆ ಕಾಣದ ಹೈಫನ್. ‘ಠ’ದ್ದು ಖಾಲಿ ಜಾಗದ ಒಂದು ಬಗೆ. ಕಾಪಿ ಪೇಸ್ಟ್ ಮಾಡಿದಾಗ ಇಂಥವನ್ನು ಬೇಡದ ವಸ್ತು ಅಂತ ದಾರಿಯಲ್ಲಿ ಬಿಸಾಕುತ್ತಾರೆ. ಮೂಲ ಫೈಲಿನಲ್ಲಿ ಅವು ಖಂಡಿತ ಇರುತ್ತವೆ. ಅದಕ್ಕೇ ಮೂಲ ಮುಟ್ಟಬೇಡಿ ಅಂದದ್ದು.

ಘಾಟ್ಕೋಪರ್ ಗುಂಡ · ಬೆಳಿಗ್ಗೆ 11:31

ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ವ್ಯಾಕರಣ ಗೊತ್ತು ಅಂತಾಯ್ತು.

ಕಾಂದಿವಲಿ ಕೋಡು · ಮಧ್ಯಾಹ್ನ 12:15

ಪುಣೆಯವರೇ, ಒಂದು ಅನುಮಾನ. ನಾನು ಒಂದು ಪುಟಕ್ಕೆ ಬೇಕೆಂತಲೇ ತಪ್ಪು ಹಣೆಪಟ್ಟಿ ಹಚ್ಚಿ, ಐಎಸ್‌ಒ-8859-1 (1252ರ ಹತ್ತಿರದ ನೆಂಟ) ಅಂತ ಬರೆದು ಬ್ರೌಸರಿನಲ್ಲಿ ತೆರೆದೆ. ಕಸ ಬಂತು. ಆದರೆ ಆ ಕಸವನ್ನು ತಿರುಗಿಸಿದರೆ ಹೆಗ್ಡೆ ಪೂರ್ತಿ ವಾಪಸ್ ಬಂದರು. ವಜ್ರ ಎಲ್ಲೂ ಇಲ್ಲ. ನಿಮ್ಮ ಗುಂಡಿ ಎಲ್ಲಿ ಹೋಯಿತು?

ಹಿಂಜವಡಿ ರಾತ್ರಿಪಾಳಿ · ಮಧ್ಯಾಹ್ನ 12:50

ಒಳ್ಳೆ ಪ್ರಶ್ನೆ. ಬ್ರೌಸರುಗಳು ನಡೆಯುವುದು ವೆಬ್‌ನ ಎನ್‌ಕೋಡಿಂಗ್ ಸ್ಟ್ಯಾಂಡರ್ಡ್ ಪ್ರಕಾರ. ಅದರಲ್ಲಿ 8859-1 ಅಂತ ಹಣೆಪಟ್ಟಿ ಇದ್ದರೂ ವಿಂಡೋಸ್-1252 ಅಂತಲೇ ಓದಬೇಕು, ಮತ್ತು ಆ ಐದು ಖಾಲಿ ಖಾನೆಯನ್ನು ಕಾಣದ ನಿಯಂತ್ರಣ ಸಂಕೇತವಾಗಿ ದಾಟಿಸಬೇಕು ಅಂತ ಬರೆದಿದೆ. ಹಾಗಾಗಿ ಅಲ್ಲಿ ಕಳೆಯುವುದಿಲ್ಲ. ಸ್ಕ್ರಿಪ್ಟ್ ಬರೆಯುವ ಪೈಥಾನ್ ಭಾಷೆ ಕಟ್ಟುನಿಟ್ಟು. ಅದರ 1252 ಆ ಐದರಲ್ಲಿ ಎಡವಿ ತಕ್ಷಣ ದೋಷ ತೋರಿಸುತ್ತದೆ. ಹುಡುಗ ದೋಷದ ಕಾಟ ತಪ್ಪಲಿ ಅಂತ ‘ರಿಪ್ಲೇಸ್’ ಅನ್ನುವ ಆಯ್ಕೆ ಹಾಕಿರಬೇಕು. ದೋಷ ಕಾಣಲಿಲ್ಲ, ಹೆಗ್ಡೆಯವರೂ ಕಾಣಲಿಲ್ಲ. ಒಂದೇ ಹೆಸರಿನ ಸ್ಟ್ಯಾಂಡರ್ಡ್, ಎರಡು ಮನೆಯಲ್ಲಿ ಎರಡು ಪದ್ಧತಿ.

ಮಡಗಾಂವ್ ಲೆಕ್ಕಪತ್ರ · ಮಧ್ಯಾಹ್ನ 3:02

ಗೋವಾದಿಂದ ಬರೆಯುತ್ತಿದ್ದೇನೆ. ಓದಿ ಕೂತಲ್ಲೇ ಹಣೆ ಚಚ್ಚಿಕೊಂಡೆ. ಹೋದ ವರ್ಷ ನಮ್ಮ ಕಟ್ಟಡದ ಮರಾಠಿ ಪಟ್ಟಿಯಲ್ಲೂ ಜೋಡಾಕ್ಷರ ಹೋಗಿತ್ತು. ದೇಸಾಯಿ ಬಂದರು, ಕುಲಕರ್ಣಿ ಬರಲಿಲ್ಲ. ಎರಡು ದಿನ ಕೂತು ಕೈಯಲ್ಲೇ ತಿದ್ದಿದೆ. ಅದೂ ಇದೇ ಗುಂಡಿಯಾ? ಲಿಪಿ ಬೇರೆ ಅಲ್ವಾ?

ಪೊವಾಯಿ ತಾತ · ಮಧ್ಯಾಹ್ನ 3:40

ಅದಕ್ಕೆ ನಾನು ಉತ್ತರ ಕೊಡುತ್ತೇನೆ ಅಮ್ಮ. ನಿವೃತ್ತ, ಸಮಯ ಜಾಸ್ತಿ.

ಇದೇ ಗುಂಡಿ. ಕಾರಣ ಇಸ್ಕಿ. ಭಾರತೀಯ ಲಿಪಿಗಳಿಗೆಲ್ಲ ಒಂದೇ ನಕ್ಷೆ ಇರಲಿ, ‘ಕ’ ಒಂದು ಲಿಪಿಯಲ್ಲಿ ಎಷ್ಟನೆಯ ಮನೆಯಲ್ಲಿದೆಯೋ ಬೇರೆ ಲಿಪಿಯಲ್ಲೂ ಅಷ್ಟನೆಯ ಮನೆಯಲ್ಲೇ ಇರಲಿ ಅಂತ ಮಾಡಿದ ಸಂಕೇತ ಅದು. 1991ರಲ್ಲಿ ಐಎಸ್ 13194 ಅಂತ ಭಾರತೀಯ ಮಾನಕವೂ ಆಯಿತು. ಪುಣೆಯಲ್ಲಿ 1988ರಲ್ಲಿ ಶುರುವಾದ ಸರ್ಕಾರಿ ಗಣಕ ಸಂಸ್ಥೆ ಸಿ-ಡ್ಯಾಕ್ ಅದನ್ನು ಕಂಪ್ಯೂಟರಿಗೆ ಭಾರತೀಯ ಲಿಪಿ ಕೊಡುವ ತನ್ನ ಜಿಸ್ಟ್ ಕಾರ್ಡು, ತಂತ್ರಾಂಶಗಳಲ್ಲಿ ಬಳಸಿ ಹರಡಿತು. ಯೂನಿಕೋಡ್‌ನವರು ನಮ್ಮ ಲಿಪಿಗಳನ್ನು ಸೇರಿಸಿಕೊಳ್ಳುವಾಗ 1988ರ ಇಸ್ಕಿಯ ಜೋಡಣೆಯನ್ನೇ ಆಧಾರ ಮಾಡಿಕೊಂಡರು. ಹಾಗಾಗಿ ದೇವನಾಗರಿಗೆ 0900ರಿಂದ 128 ಮನೆ, ಕನ್ನಡಕ್ಕೆ 0ಸಿ80ರಿಂದ 128 ಮನೆ, ಒಳಗೆ ಜೋಡಣೆ ಅಕ್ಕಪಕ್ಕದ ವಠಾರದ ಹಾಗೆ ಒಂದೇ. ದೇವನಾಗರಿಯ ಹಲಂತ 094ಡಿ, ಕನ್ನಡದ್ದು 0ಸಿಸಿಡಿ. ಯುಟಿಎಫ್-8 ಮಾಡಿದರೆ ಎರಡರದ್ದೂ ಕೊನೆಯ ಬೈಟ್ 8ಡಿ. ತೆಲುಗು, ತಮಿಳು, ಬಂಗಾಳಿ ಎಲ್ಲಕ್ಕೂ ಅದೇ.

ಅನುಕೂಲಕ್ಕೆ ಮಾಡಿದ ಸಾಲು, ಬಿದ್ದರೆ ಎಲ್ಲರೂ ಒಟ್ಟಿಗೇ ಬೀಳುವ ಸಾಲು. ಯುಟಿಎಫ್-8 ಮಾಡಿದ ಕೆನ್ ಥಾಂಪ್ಸನ್, ರಾಬ್ ಪೈಕ್ 1992ರಲ್ಲಿ ನ್ಯೂಜೆರ್ಸಿಯ ಹೋಟೆಲಿನ ಊಟದ ಮೇಜಿನ ಮೇಲಿನ ಕಾಗದದಲ್ಲಿ ಲೆಕ್ಕ ಹಾಕಿದಾಗ ಹೆಗ್ಡೆಯವರ ವಿಷಯ ಅವರಿಗೇನು ಗೊತ್ತು, ಪಾಪ.

ಸ್ಟ್ಯಾಂಡರ್ಡ್ ಮಾಡುವವರೂ ಎಡವುತ್ತಾರೆ. ಹಳಗನ್ನಡದ ‘ೞ’ ಇದೆಯಲ್ಲ, ಯೂನಿಕೋಡ್ ಪಟ್ಟಿಯಲ್ಲಿ ಅದರ ಹೆಸರು ‘ಫ’ ಅಂತ ಬಿದ್ದುಬಿಟ್ಟಿದೆ, ಇಂಗ್ಲಿಷ್ ಎಫ್ ಎ. ಒಮ್ಮೆ ಕೊಟ್ಟ ಹೆಸರು ಬದಲಿಸುವುದಿಲ್ಲ ಅನ್ನುವುದು ಅವರ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೇ ಇದೆ, ಪಕ್ಕದಲ್ಲಿ ಸರಿ ಹೆಸರನ್ನು ಅಡ್ಡಹೆಸರಾಗಿ ಬರೆದಿದ್ದಾರೆ. ಸರ್ಕಾರಿ ಕಚೇರಿಯಲ್ಲಿ ನನ್ನ ಜನ್ಮದಿನಕ್ಕೂ ಹೀಗೇ ಆಗಿದೆ.

ಗಿರ್ಗಾಂವ್ ಡಿಟಿಪಿ · ಸಂಜೆ 5:15

ಯುಟಿಎಫ್, ಇಸ್ಕಿ ಎಲ್ಲ ಕೇಳಿದೆ. ನನ್ನದೂ ಒಂದು ಮಾತಿದೆ. ಯೂನಿಕೋಡ್ ಯೂನಿಕೋಡ್ ಅಂತ ಎಲ್ಲರೂ ಹೇಳುತ್ತೀರಿ. ಪೇಜ್‌ಮೇಕರ್‌ಗೆ (ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಹಳೆ ತಂತ್ರಾಂಶ) ಯೂನಿಕೋಡ್ ಕನ್ನಡ ಹಾಕಿ ತೋರಿಸಿ ನೋಡೋಣ. ಆಗುವುದಿಲ್ಲ. ಸಣ್ಣ ಪ್ರೆಸ್‌ಗಳು ಈಗಲೂ ಅದರಲ್ಲೇ ಕೆಲಸ ಮಾಡುತ್ತವೆ. ಗಿರಾಕಿ ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುತ್ತಾರೆ, ನಾನು ನುಡಿಗೆ ಕನ್ವರ್ಟ್ ಮಾಡುತ್ತೇನೆ, ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ, ನಾನೇ ತಿದ್ದುತ್ತೇನೆ. ಬೈಗುಳವೂ ನನಗೇ. ನುಡಿಯಂಥ ಆಸ್ಕಿ ಫಾಂಟ್ ಇಲ್ಲದಿದ್ದರೆ ಮುಂಬೈಯಲ್ಲಿ ಇಷ್ಟು ವರ್ಷ ಕನ್ನಡ ಅಚ್ಚೇ ಆಗುತ್ತಿರಲಿಲ್ಲ.

ಹಿಂಜವಡಿ ರಾತ್ರಿಪಾಳಿ · ಸಂಜೆ 6:30

ಅಕ್ಕಾ, ನಿಮ್ಮ ಮಾತು ಒಪ್ಪಿದೆ. ವಿಂಡೋಸ್‌ಗೆ ಕನ್ನಡ ಯೂನಿಕೋಡ್ ಬಂದದ್ದೇ 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆಗೆ. ಇನ್‌ಡಿಸೈನ್‌ಗೆ (ಪುಟ ಜೋಡಿಸುವ ಈಗಿನ ತಂತ್ರಾಂಶ) ಭಾರತೀಯ ಲಿಪಿ ಸರಿಯಾಗಿ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಪ್ರೆಸ್ಸಿನವರು ಏನು ಮಾಡಬೇಕಿತ್ತು? ನುಡಿ, ಬರಹ, ಶ್ರೀಲಿಪಿ ಇಲ್ಲದಿದ್ದರೆ ಕೈಕಟ್ಟಿ ಕೂರಬೇಕಿತ್ತು. ಈಗಿನ ಇನ್‌ಡಿಸೈನ್‌ನಲ್ಲೂ ‘ವರ್ಲ್ಡ್ ರೆಡಿ ಕಂಪೋಸರ್’ ಅನ್ನುವುದನ್ನು ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಬಹಳ ಜನ ಅದನ್ನು ನೋಡಿಯೇ ಯೂನಿಕೋಡ್ ಕೆಟ್ಟದ್ದು ಅಂತ ತಿರುಗಿ ಹೋಗಿದ್ದಾರೆ.

ಅರ್ಕಾವತ್ತು ಯಾಕೆ ಓಡಾಡುತ್ತದೆ ಅಂದರೆ, ನುಡಿಯಲ್ಲಿ ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರ ಆದ ಮೇಲೆ ಇಡುತ್ತಾರೆ. ಯೂನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮ, ‘ರ್’ ಮೊದಲು. ‘ಕರ್ನಾಟಕ’ ಬರೆದರೆ ನುಡಿಯಲ್ಲಿ ‘ನಾ’ ಆದ ಮೇಲೆ ಅರ್ಕಾವತ್ತು, ಯೂನಿಕೋಡ್‌ನಲ್ಲಿ ‘ನಾ’ಗಿಂತ ಮುಂಚೆ ‘ರ್’. ಕನ್ವರ್ಟರ್ ಒಂದು ಅಕ್ಷರದ ಗಡಿ ತಪ್ಪು ಎಣಿಸಿದರೆ ಮುಗಿಯಿತು.

ನನ್ನ ತಕರಾರು ಒಂದೇ. ಅಚ್ಚಿಗೆ ನುಡಿ ಪ್ರತಿ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಮೂಲ ಪ್ರತಿ ಯೂನಿಕೋಡ್‌ನಲ್ಲಿ ಇರಲಿ. ನುಡಿ ಫೈಲಿನಲ್ಲಿ ‘ಶೆಟ್ಟಿ’ ಹುಡುಕಲು ಆಗುವುದಿಲ್ಲ, ಅಕಾರಾದಿ ಜೋಡಿಸಲು ಆಗುವುದಿಲ್ಲ. ಕಂಪ್ಯೂಟರಿಗೆ ಅಲ್ಲಿ ಕಾಣುವುದು ಪಿ, ಕ್ಯೂ, ಪೌಂಡು.

ಪೊವಾಯಿ ತಾತ · ಸಂಜೆ 6:52

ತುಂಗಾ ಅಂದಾಗ ನೆನಪಾಯಿತು. ಅದರ ಓರಗೆಯ ದೇವನಾಗರಿ ಫಾಂಟ್ ಮಂಗಲ್ ಬರೆದವರು ನಮ್ಮ ಮುಂಬೈನ ಆರ್.ಕೆ. ಜೋಶಿ. ಇಲ್ಲೇ ಪೊವಾಯಿಯ ಐಐಟಿಯಲ್ಲಿ ಅಕ್ಷರ ವಿನ್ಯಾಸ ಕಲಿಸುತ್ತಿದ್ದರು. ವಿಷಯಕ್ಕೆ ಸಂಬಂಧ ಇಲ್ಲ, ಸುಮ್ನೆ ಹೇಳಿದೆ.

ಡೊಂಬಿವಲಿ ಕಾರ್ಯದರ್ಶಿ · ರಾತ್ರಿ 8:10

ಎಲ್ಲ ಸರಿ. ನನ್ನ ಶೆಟ್ಟರು ಬರುತ್ತಾರಾ ಇಲ್ಲವಾ ಅಷ್ಟು ಹೇಳಿ. ಹೊಸದಾಗಿ ಟೈಪ್ ಮಾಡುವುದಾದರೆ ಇವತ್ತೇ ಶುರು ಮಾಡಬೇಕು.

ಹಿಂಜವಡಿ ರಾತ್ರಿಪಾಳಿ · ರಾತ್ರಿ 9:25

ಬರುತ್ತಾರೆ ಸರ್. ಬೈಟ್ ಹೋಗಿದೆ, ಆದರೆ ಅದು ಕೂತಿದ್ದ ಜಾಗ ಹೋಗಿಲ್ಲ. ಮೂಲ ಫೈಲಿನಲ್ಲಿ ವಜ್ರಕ್ಕೆ ಮುಂಚೆ ಪುಟ್ಟ 3 ಇದ್ದರೆ ಅಲ್ಲಿ ಇದ್ದದ್ದು ಹಲಂತ ಅಥವಾ ಕೊಂಬು. ಎರಡೇ. ಪುಟ್ಟ 2 ಇದ್ದರೆ ಏ, ಐ ಅಥವಾ ಝ. ಅಷ್ಟೇ ಆಯ್ಕೆ. ‘ಶೆಟ?ಟಿ’ ಅಂತ ಇದ್ದರೆ ಶೆಟ್ಟಿ, ಇಲ್ಲದಿದ್ದರೆ ಶೆಟುಟಿ. ಶೆಟುಟಿ ಅಂತ ಯಾರಿದ್ದಾರೆ?

‘ಕ?ಮಾರ?’ ಅಂದರೆ ನಾಲ್ಕು ಬಗೆ, ಕುಮಾರ್ ಒಂದೇ ಹೆಸರು. ‘ಸ?ಬ?ರಹ?ಮಣ?ಯ’ ಅಂದರೆ ಹದಿನಾರು ಬಗೆ, ಅದರಲ್ಲಿ ದೇವರು ಒಬ್ಬನೇ.

ನಾನು ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಮೇಲಿನ ಅಂಗಿ ಕಳಚುತ್ತದೆ, ವಜ್ರ ಇದ್ದ ಕಡೆ ಎರಡೂ ಬಗೆ ಇಟ್ಟು ನೋಡುತ್ತದೆ, ನಾನು ಕೊಟ್ಟ ಹೆಸರು, ಅಡ್ಡಹೆಸರು, ಊರುಗಳ ಪಟ್ಟಿಯಲ್ಲಿ ಇದ್ದದ್ದನ್ನು ಆರಿಸುತ್ತದೆ. ಗೊತ್ತಾಗದ್ದನ್ನು ಹಳದಿ ಗುರುತು ಹಾಕಿ ಬಿಡುತ್ತದೆ. ನೀವು ಮೂಲ ಮೇಲನ್ನು ಫಾರ್ವರ್ಡ್ ಮಾಡಬೇಡಿ, ಜನರ ವಿಳಾಸ ಇದೆ. ಸ್ಕ್ರಿಪ್ಟ್ ನಿಮಗೆ ಕಳಿಸುತ್ತೇನೆ, ನಿಮ್ಮ ಮಗಳು ಓಡಿಸಲಿ.

ಬಂದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆಯುವಾಗ ಡಬಲ್ ಕ್ಲಿಕ್ ಬೇಡ. ಸ್ಕ್ರಿಪ್ಟ್ ಫೈಲಿನ ತಲೆಗೆ ಮೂರು ಬೈಟಿನ ಗುರುತು ಅಂಟಿಸುತ್ತದೆ, ಅದನ್ನು ಬಾಮ್ ಅನ್ನುತ್ತಾರೆ. ಅದು ಇದ್ದರೆ ಎಕ್ಸೆಲ್ ಯುಟಿಎಫ್-8 ಅಂತ ತಿಳಿಯುತ್ತದೆ. ಆದರೂ ‘ಡೇಟಾ’ ಪಟ್ಟಿಯಿಂದ ಆಮದು ಮಾಡಿಕೊಳ್ಳುವುದು ಒಳ್ಳೆಯದು. ಸೇವ್ ಮಾಡುವಾಗ ‘ಸಿಎಸ್‌ವಿ ಯುಟಿಎಫ್-8’ ಅಂತ ಬರೆದಿರುವುದನ್ನೇ ಒತ್ತಿ. ಅದರ ಕೆಳಗೆ ಬರೀ ‘ಸಿಎಸ್‌ವಿ’ ಅಂತ ಇನ್ನೊಂದಿದೆ. ಅದನ್ನು ಒತ್ತಿದರೆ ಪಟ್ಟಿ ಪೂರ್ತಿ ಪ್ರಶ್ನೆ ಚಿಹ್ನೆ ಆಗುತ್ತದೆ, ಆಮೇಲೆ ನನಗೆ ಫೋನ್ ಮಾಡಬೇಡಿ.

ಮಡಗಾಂವ್ ಲೆಕ್ಕಪತ್ರ · ರಾತ್ರಿ 9:50

ಒಂದು ಸಣ್ಣ ಸೇರ್ಪಡೆ. ಪಟ್ಟಿಯಲ್ಲಿ ಕೊಂಕಣಿಯವರು ಇದ್ದರೆ ಅವರ ಮನೆ ಹೆಸರು ಯಂತ್ರಕ್ಕೆ ಬಿಡಬೇಡಿ, ಕೇಳಿಯೇ ಬರೆಯಿರಿ. ನಾವು ಮಂಗಳೂರು ಕಡೆಯವರು ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲಿ, ಇಲ್ಲಿ ಗೋವಾದವರು ನಾಗರಿ ಅಥವಾ ರೋಮಿ, ಅಂದರೆ ಇಂಗ್ಲಿಷ್ ಲಿಪಿ. ಕನ್ನಡ ಲಿಪಿಯಲ್ಲಿ ನಮ್ಮ ಮೂಗಿನ ಸ್ವರ ತೋರಿಸುವ ಚಿಹ್ನೆ ಅಕ್ಷರದ ಬಲಕ್ಕೆ ಮೇಲೆ ಬರುತ್ತದೆ. ಅದು ಯೂನಿಕೋಡ್ ಸೇರಿದ್ದೇ 2022ರ 15ನೇ ಆವೃತ್ತಿಯಲ್ಲಿ. ಬಹಳಷ್ಟು ಫಾಂಟುಗಳಲ್ಲಿ ಇನ್ನೂ ಡಬ್ಬಿಯಾಗಿ ಕಾಣುತ್ತದೆ.

ಆಮಂತ್ರಣ ಎಸ್ಸೆಮ್ಮೆಸ್ ಕೂಡ ಕಳಿಸುತ್ತೀರಾದರೆ ಲೆಕ್ಕ ಹಾಕಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ. ಒಂದೇ ಒಂದು ಕನ್ನಡ ಅಕ್ಷರ ಬಂದರೂ ಮಿತಿ 70ಕ್ಕೆ ಇಳಿಯುತ್ತದೆ. ಒತ್ತು, ಕೊಂಬು ಎಲ್ಲ ಬೇರೆ ಬೇರೆ ಎಣಿಕೆ. ನಮ್ಮ ಸಂಘದ ಖಜಾಂಚಿ ಬಿಲ್ ನೋಡಿ ನನ್ನನ್ನೇ ನೋಡಿದರು.

ಡೊಂಬಿವಲಿ ಕಾರ್ಯದರ್ಶಿ · ಬುಧವಾರ ರಾತ್ರಿ 10:30

ವರದಿ ಒಪ್ಪಿಸುತ್ತೇನೆ.

ಮಗಳು ಸೋಮವಾರ ರಾತ್ರಿ ಸ್ಕ್ರಿಪ್ಟ್ ಓಡಿಸಿದಳು. ಪರದೆ ತುಂಬ ಕನ್ನಡ ಬಂತು. ಶೆಟ್ಟರು ಬಂದರು, ಭಟ್ಟರು ‘ಭ’ ಸಮೇತ ಬಂದರು, ಹೆಗ್ಡೆ ಬಂದು ಹೆಗಡೆ ಪಕ್ಕದಲ್ಲಿ ಕೂತರು. ಐತಾಳರ ‘ಐ’ ನಿಜಕ್ಕೂ ಹೋಗಿತ್ತು, ಅದೂ ಸಿಕ್ಕಿತು. ಹಳದಿ ಗುರುತು ಬಿದ್ದದ್ದು 61 ಹೆಸರಿಗೆ. ನಾನು, ನನ್ನ ಹೆಂಡತಿ ಸಂಘದ ಹಳೆ ರಿಜಿಸ್ಟರ್ ಇಟ್ಟುಕೊಂಡು ಕೂತೆವು. 47 ಅಲ್ಲೇ ಬಗೆಹರಿಯಿತು. ಕೆಲವರ ಅಕ್ಷರ ಓದುವುದು ಆ ಕಸಕ್ಕಿಂತ ಕಷ್ಟ ಇತ್ತು, ಅದು ಬೇರೆ ಮಾತು.

ಉಳಿದ 14 ಜನರಿಗೆ ಫೋನ್ ಮಾಡಿದೆ. ಪುಣೆಯವರೇ, ನಿಮ್ಮ ಎರಡೇ ಆಯ್ಕೆ ಎಲ್ಲ ಕಡೆ ಸುಲಭ ಇಲ್ಲ. ‘ರಾಜ?’ ಅಂತ ಮೂರು ಜನ. ರಾಜ್ ಆಗಬಹುದು, ರಾಜು ಆಗಬಹುದು. ಎರಡೂ ಹೆಸರೇ. ಒಬ್ಬರು ಕಲ್ಯಾಣದಲ್ಲಿ, ಎಂಬತ್ತು ದಾಟಿದವರು. ‘ಸ್ವಾಮೀ, ನೀವು ರಾಜ್ ಅಥವಾ ರಾಜು?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಆಫೀಸಿನಲ್ಲಿ ರಾಜ್ ಇದ್ದೆ. ಮನೆಯಲ್ಲಿ ರಾಜು. ಲಕೋಟೆ ಮನೆಗೆ ಬರುತ್ತದಲ್ಲ, ರಾಜು ಅಂತಲೇ ಬರೆಯಿರಿ’ ಅಂದರು. ಆಮೇಲೆ ಅರ್ಧ ಗಂಟೆ ಸಂಘದ ಹಳೆ ನಾಟಕಗಳ ಮಾತು.

ಡಿಟಿಪಿ ಅಕ್ಕಾ, ಯೂನಿಕೋಡ್ ಫೈಲ್ ಕಳಿಸಿದ್ದೇನೆ. ಮೂಲ ನನ್ನ ಹತ್ತಿರ ಎರಡು ಕಡೆ ಇದೆ.

ಗಿರ್ಗಾಂವ್ ಡಿಟಿಪಿ · ಗುರುವಾರ ಮಧ್ಯಾಹ್ನ 1:15

ಬಂತು. ನುಡಿಗೆ ಇಳಿಸಿ ಲೇಬಲ್ ಜೋಡಿಸಿದೆ. ‘ಆಚಾರ್ಯ’ ಇರುವ ಒಂಬತ್ತು ಕಡೆ ಕಣ್ಣಾಡಿಸಿದೆ, ಅರ್ಕಾವತ್ತು ಜಾಗದಲ್ಲೇ ಇದೆ. ‘ರಾಜ್‌ಕುಮಾರ್’ ಮಾತ್ರ ಎರಡು ಕಡೆ ಜ ಕೆಳಗೆ ಕ ಒತ್ತಾಗಿ ಬಂದಿತ್ತು.

ಹಿಂಜವಡಿ ರಾತ್ರಿಪಾಳಿ · ಗುರುವಾರ ಮಧ್ಯಾಹ್ನ 1:40

ಜ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ತಡೆ ಇರುತ್ತದೆ ಅಕ್ಕಾ, 200ಸಿ ಅಂತ ಅದರ ಸಂಖ್ಯೆ. ಒತ್ತು ಆಗಬೇಡ, ಬಿಡಿಯಾಗಿ ನಿಲ್ಲು ಅಂತ ಹೇಳುವುದು ಅದರ ಕೆಲಸ. ಕೆಲವರು ಟೈಪ್ ಮಾಡುವಾಗ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ಹುಡುಕುವಾಗಲೂ ಇದೇ ತೊಂದರೆ, ಒಂದೇ ಹೆಸರು ಎರಡು ಹೆಸರಾಗಿ ಕೂರುತ್ತದೆ. ಆ ಎರಡು ಸಾಲು ಹೇಳಿ, ಮೂಲದಲ್ಲೂ ಹಾಕಿಸೋಣ.

ಗಿರ್ಗಾಂವ್ ಡಿಟಿಪಿ · ಗುರುವಾರ ಮಧ್ಯಾಹ್ನ 1:52

118 ಮತ್ತು 307. ಲೇಬಲ್‌ನಲ್ಲಿ ನಾನು ಕೈಯಲ್ಲೇ ಸರಿ ಮಾಡಿದ್ದೇನೆ. ಕಾರ್ಯದರ್ಶಿಗಳೇ, ನಾಳೆ ಆರು ಗಂಟೆಗೆ ಮುಂಚೆ ಯಾರನ್ನಾದರೂ ಕಳಿಸಿ. ಗೋಂದು ಇರುವ ಹಾಳೆ, ಮಳೆಯಲ್ಲಿ ಲೋಕಲ್ ಬಾಗಿಲಲ್ಲಿ ನಿಂತು ತರಬೇಡಿ.

ಘಾಟ್ಕೋಪರ್ ಗುಂಡ · ಗುರುವಾರ ಮಧ್ಯಾಹ್ನ 2:03

ನಾನೇ ಬರುತ್ತೇನೆ ಅಕ್ಕಾ. ನನ್ನ ಕೊಂಬು ಬಂದಿದೆಯಾ ನೋಡಬೇಕು.